ಕುನ್ಮಿಂಗ್‌ಗೆ ಹೊರಟಿರಾ? ಸ್ವೆಟರ್ ಒಂದು, ದಿನ ನಾಲ್ಕು

ಚೀನಾದ ಯುನ್ನಾನ್ ಪ್ರಾಂತ್ಯಕ್ಕೆ ಹೋಗುವ ಪ್ರವಾಸಿಗರಲ್ಲಿ ಹಲವರು ಕುನ್ಮಿಂಗ್‌ನಲ್ಲಿ ಇಳಿಯುತ್ತಾರೆ, ಒಂದು ರಾತ್ರಿ ಮಲಗುತ್ತಾರೆ, ಬೆಳಿಗ್ಗೆ ಎದ್ದು ದಾಲಿಗೋ ಲಿಜಿಯಾಂಗ್‌ಗೋ ರೈಲು ಹತ್ತಿಬಿಡುತ್ತಾರೆ. ಹೀಗೆ ಮಾಡಬೇಡಿ. ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿರುವ ಊರಿದು. ಬೆಂಗಳೂರಿನ ಎರಡರಷ್ಟು ಎತ್ತರ, ಊಟಿಗಿಂತ ತುಸು ಕೆಳಗೆ. ಜುಲೈನಲ್ಲೂ ಸರಾಸರಿ ಉಷ್ಣಾಂಶ 20 ಡಿಗ್ರಿ ಆಸುಪಾಸು, ಜನವರಿಯಲ್ಲಿ 9ರ ಹತ್ತಿರ. ಚೀನೀಯರು ಇದನ್ನು 'ಚುನ್‌ಚೆಂಗ್', ಅಂದರೆ ವಸಂತದ ಊರು ಎನ್ನುತ್ತಾರೆ. ಫ್ಯಾನ್ ಇಲ್ಲದೆ ಬೇಸಿಗೆ ಕಳೆಯುತ್ತಿದ್ದ ಹಳೇ ಬೆಂಗಳೂರನ್ನು ನೆನೆದು ನಿಟ್ಟುಸಿರು ಬಿಡುವವರು ಒಮ್ಮೆ ಇಲ್ಲಿ ಓಡಾಡಿ ಬರಬೇಕು. ನಾಲ್ಕು ದಿನ ಇಟ್ಟುಕೊಂಡರೆ ಊರೂ ಸುತ್ತಮುತ್ತಲೂ ಆಗುತ್ತದೆ.

ಹಂತ 1: ಮೊದಲು ತಿಂಗಳು ಗೊತ್ತುಮಾಡಿ

ನವೆಂಬರ್‌ನಿಂದ ಮಾರ್ಚ್‌ವರೆಗೆ ಆಕಾಶ ತಿಳಿ, ಬಿಸಿಲು ಹಿತ, ಕೆರೆಗಳ ಮೇಲೆ ವಲಸೆ ಹಕ್ಕಿ. ಮೇನಿಂದ ಅಕ್ಟೋಬರ್‌ವರೆಗೆ ಮಳೆ, ಮಳೆಯ ಜತೆಗೆ ಕಾಡು ಅಣಬೆ. ಎರಡೂ ಚೆನ್ನ. ತಪ್ಪಿಸಬೇಕಾದ್ದು ಎರಡೇ: ಅಕ್ಟೋಬರ್ ಮೊದಲ ವಾರದ ರಾಷ್ಟ್ರೀಯ ರಜೆ ಮತ್ತು ಚೀನೀ ಹೊಸವರ್ಷದ ದಿನಗಳು. ಆಗ ಇಡೀ ದೇಶವೇ ಗಂಟುಮೂಟೆ ಕಟ್ಟಿ ಹೊರಟಿರುತ್ತದೆ.

'ವಸಂತದ ಊರು' ಎಂಬ ಹೆಸರನ್ನು ಪೂರ್ತಿ ನಂಬಿ ಒಂದೇ ಟಿ-ಶರ್ಟ್‌ನಲ್ಲಿ ಹೋದೀರಿ, ಜೋಕೆ. 'ಒಂದು ಮಳೆ ಬಿದ್ದರೆ ಚಳಿಗಾಲ' ಎಂಬ ಮಾತು ಅಲ್ಲಿಯದೇ. ಬೆಳಿಗ್ಗೆ ಜಾಕೆಟ್, ಮಧ್ಯಾಹ್ನ ಅರೆತೋಳು, ಮೋಡ ಕವಿದರೆ ಮತ್ತೆ ಸ್ವೆಟರ್. ಯುನ್ನಾನಿನ 'ಹದಿನೆಂಟು ವಿಚಿತ್ರ'ಗಳೆಂದು ಅಲ್ಲಿನವರೇ ನಗುತ್ತಾ ಹೇಳುವ ಪಟ್ಟಿಯಲ್ಲಿ 'ನಾಲ್ಕೂ ಋತುಗಳ ಬಟ್ಟೆ ಒಟ್ಟಿಗೇ ತೊಡುತ್ತಾರೆ' ಎನ್ನುವುದೂ ಒಂದು. ಉತ್ತರ ಚೀನಾದಂತೆ ಇಲ್ಲಿನ ಕಟ್ಟಡಗಳಲ್ಲಿ ಕೇಂದ್ರೀಯ ಹೀಟಿಂಗ್ ಇರುವುದಿಲ್ಲ. ಚಳಿಗಾಲದಲ್ಲಿ ಹೋಗುವುದಾದರೆ ಕೋಣೆ ಕಾಯ್ದಿರಿಸುವಾಗಲೇ ಬಿಸಿಗಾಳಿಯ ಎಸಿ ಅಥವಾ ವಿದ್ಯುತ್ ಹಾಸಿಗೆ ಉಂಟೇ ಎಂದು ಕೇಳಿಬಿಡಿ. ಎತ್ತರದ ಊರಾದ್ದರಿಂದ ಬಿಸಿಲು ತಣ್ಣಗಿದ್ದರೂ ಚರ್ಮ ಸುಡುತ್ತದೆ, ಟೋಪಿ ಬೇಕೇಬೇಕು.

ಹಂತ 2: ಫೋನನ್ನು ಮನೆಯಲ್ಲೇ ಸಿದ್ಧಮಾಡಿ

ವೀಸಾ ಹೊರಡುವ ಮುಂಚೆಯೇ ಕೈಯಲ್ಲಿರಬೇಕು. ನಮ್ಮ ಕಡೆಯಿಂದ ಬ್ಯಾಂಕಾಕ್, ಸಿಂಗಪುರ ಅಥವಾ ಕ್ವಾಲಾಲಂಪುರದಲ್ಲಿ ವಿಮಾನ ಬದಲಿಸಿ ಹೋಗುವುದು ಅನುಕೂಲ.

ನಮ್ಮವರು ಸಿಕ್ಕಿಬೀಳುವುದು ವೀಸಾದಲ್ಲಲ್ಲ, ಫೋನಿನಲ್ಲಿ. ಅಲ್ಲಿ ನಮ್ಮ ಯುಪಿಐ ನಡೆಯದು. ತರಕಾರಿ ಅಜ್ಜಿಯಿಂದ ಹಿಡಿದು ಎಲ್ಲರಿಗೂ ಅಲಿಪೇ ಅಥವಾ ವೀಚಾಟ್. ಅಲಿಪೇ ಆ್ಯಪನ್ನು ಊರಲ್ಲೇ ಹಾಕಿಕೊಂಡು, ಪಾಸ್‌ಪೋರ್ಟ್ ತೋರಿಸಿ, ವಿದೇಶಿ ಪಾವತಿಗೆ ಅನುಮತಿ ಇರುವ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ. ಬ್ಯಾಂಕಿನ ಒಟಿಪಿ ಬರುವುದು ನಮ್ಮ ಸಿಮ್‌ಗೆ ಎಂಬುದು ನೆನಪಿರಲಿ. ಕೈಯಲ್ಲಿ ಸ್ವಲ್ಪ ಯುವಾನ್ ನಗದೂ ಇರಲಿ.

ವಾಟ್ಸ್‌ಆ್ಯಪ್, ಗೂಗಲ್ ಎರಡೂ ಅಲ್ಲಿನ ವೈಫೈನಲ್ಲಿ ತೆರೆಯುವುದಿಲ್ಲ. ಭಾರತದ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿಕೊಂಡರೆ ಎರಡೂ ನಡೆಯುತ್ತವೆ. ದಾರಿ ನೋಡಲು ಮಾತ್ರ ಗೂಗಲ್ ಮ್ಯಾಪ್ ನಂಬಬೇಡಿ, ಗುರುತು ರಸ್ತೆಯಿಂದ ಅತ್ತಿತ್ತ ಜರುಗಿರುತ್ತದೆ. ಅಲ್ಲಿನವರ ಆ್ಯಮ್ಯಾಪ್ ಹಾಕಿಕೊಳ್ಳಿ.

ಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಿ. ದೇಶಕ್ಕೆಲ್ಲ ಬೀಜಿಂಗ್ ಸಮಯ ಒಂದೇ. ಕುನ್ಮಿಂಗ್ ಇರುವುದು ದೂರದ ನೈಋತ್ಯದಲ್ಲಿ. ಹಾಗಾಗಿ ಚಳಿಗಾಲದಲ್ಲಿ ಬೆಳಿಗ್ಗೆ ಏಳೂವರೆಗೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. 'ಬೇಗ ಎದ್ದು ಸೂರ್ಯೋದಯ ನೋಡೋಣ' ಎನ್ನುವವರು ಇನ್ನೊಂದು ನಿದ್ದೆ ಮಾಡಬಹುದು.

ಹಂತ 3: ಮೊದಲ ದಿನ ಕೆರೆ ಸುತ್ತ ಕಾಲೆಳೆಯಿರಿ

ವಿಮಾನನಿಲ್ದಾಣದಿಂದ ಊರೊಳಕ್ಕೆ ಮೆಟ್ರೊ ಆರನೇ ಲೈನ್ ಇದೆ. ಬಿಡಾರವನ್ನು ಹಸಿರು ಕೆರೆಯ, ಅಲ್ಲಿನವರ ಬಾಯಲ್ಲಿ ತ್ಸುಯ್‌ಹುವಿನ, ಹತ್ತಿರ ಹಿಡಿಯಿರಿ. ಎತ್ತರಕ್ಕೆ ಮೈ ಹೊಂದಿಕೊಳ್ಳಲು ಒಂದು ದಿನ ನಿಧಾನಕ್ಕೆ ನಡೆಯುವುದೇ ಮದ್ದು. ಕೆರೆ ದಂಡೆಯಲ್ಲಿ ನಿವೃತ್ತರು ಕೊಳಲು, ಎರಡು ತಂತಿಯ ಎರ್ಹು ವಾದ್ಯ ಹಿಡಿದು ಗುಂಪುಗುಂಪಾಗಿ ಹಾಡುತ್ತಿರುತ್ತಾರೆ; ಯಾರೂ ದುಡ್ಡು ಕೇಳುವುದಿಲ್ಲ.

ಚಳಿಗಾಲವಾದರೆ ಸೈಬೀರಿಯಾ ಕಡೆಯಿಂದ ಬಂದ ಕಡಲಕ್ಕಿಗಳು ತಲೆಯ ಮೇಲೇ ಹಾರಾಡುತ್ತವೆ. ಅವು ಈ ಊರಿಗೆ ದಂಡುಗಟ್ಟಿ ಬರತೊಡಗಿದ್ದು 1985ರ ಚಳಿಗಾಲದಿಂದ. ಕೆರೆ ಬಳಿ ಒಬ್ಬ ಮುದುಕರ ಪ್ರತಿಮೆ ಇದೆ, ನೋಡದೆ ಬರಬೇಡಿ. ತನ್ನ ಸಣ್ಣ ಪಿಂಚಣಿಯ ಬಹುಪಾಲನ್ನು ಹಕ್ಕಿಗಳ ತಿನಿಸಿಗೇ ಸುರಿದು, ದೂರದ ಮನೆಯಿಂದ ನಡೆದು ಬಂದು ತಿನ್ನಿಸುತ್ತಿದ್ದವರು. ಅವರು ಬದುಕಿದ್ದು ಅಷ್ಟು ಬಡತನದಲ್ಲಿ, ಊರು ಪ್ರತಿಮೆ ನಿಲ್ಲಿಸಿದ್ದು ಅವರು ಹೋದ ಮೇಲೆ. ನೀವು ಹಾಕುವುದಾದರೆ ಅಲ್ಲೇ ಮಾರುವ ಹಕ್ಕಿಯ ತಿನಿಸನ್ನೇ ಹಾಕಿ, ಕೈಯಲ್ಲಿದ್ದ ಚಿಪ್ಸ್ ಬೇಡ.

ಹಂತ 4: ಪಡುವಣ ಬೆಟ್ಟವನ್ನು ಮೇಲಿನಿಂದ ಇಳಿಯಿರಿ

ಎರಡನೇ ದಿನ ಶಿಶಾನ್, ಅಂದರೆ ಪಡುವಣ ಬೆಟ್ಟ. ಮೂರನೇ ಲೈನಿನ ಮೆಟ್ರೊ ಬುಡದವರೆಗೂ ಹೋಗುತ್ತದೆ. ಆದರೆ ಹೈಗೆಂಗ್ ದಂಡೆಯಿಂದ ದಿಯಾನ್‌ಚಿ ಸರೋವರ ದಾಟಿಸುವ ಕೇಬಲ್ ಕಾರ್ ಹಿಡಿದು ಮೇಲಕ್ಕೆ ಹೋಗಿ, ಮೆಟ್ಟಿಲಿಳಿದು ಬರುವುದು ಮಂಡಿಗೂ ಕಣ್ಣಿಗೂ ಒಳ್ಳೆಯದು. ದಾರಿಯಲ್ಲಿ ಸಿಗುವ 'ಲೋಂಗ್‌ಮೆನ್' ಅಥವಾ ಡ್ರ್ಯಾಗನ್ ಬಾಗಿಲು ಬಂಡೆಯ ಕಡಿದಾದ ಮುಖದಲ್ಲಿ ಕೊರೆದ ಸುರಂಗ, ಮೆಟ್ಟಿಲು, ಗುಡಿಗಳ ಸಾಲು. ಕೆಲಸ ಶುರುವಾದದ್ದು 1781ರಲ್ಲಿ, ಮುಗಿದದ್ದು 1853ರಲ್ಲಿ. ಕೊನೆಯ ಗುಡಿಯಲ್ಲಿ ಪರೀಕ್ಷೆ ಬರೆಯುವವರ ದೇವರಿದ್ದಾನೆ. ವಿಗ್ರಹವೆಲ್ಲ ಮುಗಿದು ಕೈಯ ಕುಂಚದ ತುದಿ ಕೆತ್ತುವಾಗ ಕಲ್ಲು ಮುರಿಯಿತಂತೆ, ಶಿಲ್ಪಿ ಅಲ್ಲಿಂದಲೇ ಕೆಳಗೆ ಹಾರಿದನಂತೆ. ನಮ್ಮ ಜಕಣಾಚಾರಿಯ ಕಪ್ಪೆ ನೆನಪಾಗದೆ ಇರದು.

ಕೆಳಗೆ ಕಾಣುವ ದಿಯಾನ್‌ಚಿ ಸುಮಾರು 300 ಚದರ ಕಿಲೋಮೀಟರ್ ನೀರು. ಊರಿನ ಕೊಳಚೆ ಸೇರಿ ದಶಕಗಳ ಕಾಲ ಹಸಿರು ಪಾಚಿಗಟ್ಟಿತ್ತು. ಅಪಾರ ಹಣ ಸುರಿದ ಮೇಲೆ ಈಗ ಸುಧಾರಿಸಿದೆ. ಬೆಳ್ಳಂದೂರು ಕೆರೆ ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಇದರ ದಕ್ಷಿಣ ದಂಡೆಯ ಕುನ್ಯಾಂಗ್‌ನಲ್ಲಿ ಹುಟ್ಟಿದವನೇ ಹದಿನೈದನೇ ಶತಮಾನದಲ್ಲಿ ದೊಡ್ಡ ಹಡಗುಪಡೆ ಕಟ್ಟಿಕೊಂಡು ಕಲ್ಲಿಕೋಟೆಗೆ ಬಂದ ಚೀನೀ ನಾವಿಕ ಝಂಗ್ ಹ.

ಹಂತ 5: ಕಲ್ಲಿನ ಕಾಡಿಗೆ ರೈಲಿನಲ್ಲಿ

ಶಿಲಿನ್, ಕಲ್ಲಿನ ಕಾಡು. ಸುಮಾರು 80 ಕಿಲೋಮೀಟರ್ ದೂರ. ದಿನದ ಬಸ್ ಟೂರ್‌ಗಳು ಅಗ್ಗ, ಆದರೆ ಜೇಡ್ ಅಂಗಡಿಯ ಮುಂದೆ ನಿಲ್ಲಿಸಿ ಅರ್ಧ ದಿನ ನುಂಗುವ ಟೂರ್‌ಗಳೂ ಉಂಟು. ಕುನ್ಮಿಂಗ್ ದಕ್ಷಿಣ ನಿಲ್ದಾಣದಿಂದ ವೇಗದ ರೈಲಿನಲ್ಲಿ ಶಿಲಿನ್ ಪಶ್ಚಿಮಕ್ಕೆ ಅರ್ಧ ಗಂಟೆಯೂ ಬೇಡ, ಅಲ್ಲಿಂದ ಬಸ್ಸು. ದಕ್ಷಿಣ ನಿಲ್ದಾಣ ತಲುಪುವುದಕ್ಕೇ ಊರೊಳಗಿಂದ ಮೆಟ್ರೊದಲ್ಲಿ ಒಂದು ಗಂಟೆ ಬೇಕು, ಲೆಕ್ಕವಿಟ್ಟುಕೊಳ್ಳಿ. ಪಾಸ್‌ಪೋರ್ಟೇ ಟಿಕೆಟ್, ಮರೆತರೆ ರೈಲಿಲ್ಲ.

27 ಕೋಟಿ ವರ್ಷದ ಹಿಂದೆ ಸಮುದ್ರತಳವಾಗಿದ್ದ ಸುಣ್ಣಕಲ್ಲನ್ನು ಮಳೆನೀರು ಬಿರುಕುಬಿರುಕಾಗಿ ತಿಂದು ಈ ಕಂಬಗಳನ್ನು ಉಳಿಸಿದೆ. ನಮ್ಮ ಯಾಣದ ಬಂಡೆಗಳೂ ಸುಣ್ಣಕಲ್ಲೇ; ಅಂಥವು ಸಾವಿರಾರು ಒತ್ತೊತ್ತಾಗಿ ನಿಂತಂತೆ ಭಾವಿಸಿ. 2007ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ದೊಡ್ಡ ಕಲ್ಕಾಡಿನಲ್ಲಿ ಧ್ವಜ ಹಿಡಿದ ಗೈಡುಗಳ ಹಿಂದೆ ಜನಜಾತ್ರೆ. ಬೆಳಿಗ್ಗೆ ಬೇಗ ಅದನ್ನು ಮುಗಿಸಿ, ಹೊರಸುತ್ತಿನ ಕಾಲುದಾರಿ ಹಿಡಿಯಿರಿ. ಹತ್ತು ನಿಮಿಷದಲ್ಲಿ ನೀವು, ಕಲ್ಲು, ಗಾಳಿ ಮಾತ್ರ. ಚಿಕ್ಕ ಕಲ್ಕಾಡಿನಲ್ಲಿ ಬೆನ್ನಿಗೆ ಬುಟ್ಟಿ ಹೊತ್ತ ಹುಡುಗಿಯಂತೆ ಕಾಣುವ ಕಂಬವನ್ನು ಇಲ್ಲಿನ ಸಾನಿ ಜನ ಅಶಿಮಾ ಎನ್ನುತ್ತಾರೆ, ಅವರ ಜನಪದ ಕತೆಯ ನಾಯಕಿ.

ಹಂತ 6: ಹೊಟ್ಟೆಗೆ

ಅಕ್ಕಿ ಶಾವಿಗೆ ಇಲ್ಲಿನ ದಿನನಿತ್ಯದ ಊಟ, ಹೆಸರು ಮಿಶಿಯಾನ್. ಪ್ರಸಿದ್ಧವಾದದ್ದು 'ಸೇತುವೆ ದಾಟಿದ ಶಾವಿಗೆ'. ಓದಲು ದ್ವೀಪ ಸೇರಿದ ಗಂಡನಿಗೆ ಸೇತುವೆ ದಾಟಿ ಊಟ ಒಯ್ಯುತ್ತಿದ್ದವಳು, ಸಾರಿನ ಮೇಲೆ ಕೊಬ್ಬಿನ ಪದರ ಇದ್ದರೆ ಆರುವುದಿಲ್ಲವೆಂದು ಕಂಡುಕೊಂಡಳಂತೆ. ಹಬೆ ಕಾಣದ ಆ ಸಾರನ್ನು ಬಂದ ತಕ್ಷಣ ಕುಡಿದರೆ ನಾಲಿಗೆ ಬೆಂದುಹೋಗುತ್ತದೆ. ಅದರೊಳಕ್ಕೆ ಮೊದಲು ಹಾಕಬೇಕಾದ್ದು ಹಸಿ ಮಾಂಸದ ತೆಳು ಚೂರು, ಮೊಟ್ಟೆ, ಆಮೇಲೆ ಸೊಪ್ಪು, ಶಾವಿಗೆ ಕಡೆಗೆ.

ಸಸ್ಯಾಹಾರಿಗಳು 'ವೋ ಚರ್ ಸು', ಅಂದರೆ ನಾನು ಸಸ್ಯಾಹಾರಿ, ಎಂದರಷ್ಟೇ ಸಾಲದು, ಸಾರಿನಲ್ಲೂ ಮಾಂಸ ಬೇಡವೆಂದು ಚೀನೀ ಲಿಪಿಯಲ್ಲಿ ಬರೆದು ತೋರಿಸಿ. ಹುರಿದ ರುಬಿಂಗ್ ಕೇಳಿ, ಮೇಕೆ ಹಾಲಿನದಾದರೂ ನಮ್ಮ ಪನೀರೇ. 'ಅಜ್ಜಿ ಆಲೂಗಡ್ಡೆ' ಎಂಬ ಪಲ್ಯವಿದೆ, ಹಲ್ಲಿಲ್ಲದ ಅಜ್ಜಿಯೂ ತಿನ್ನುವಷ್ಟು ಮೆತ್ತಗೆ; ಅದಕ್ಕೂ 'ಮಾಂಸ ಬೇಡ' ಎಂದೇ ಹೇಳಿ. ಗುಲಾಬಿ ಎಸಳಿನ ಹೂರಣವಿಟ್ಟ ಹೂಕೇಕು ಬಿಸಿಬಿಸಿ ಸಿಕ್ಕರೆ ಬಿಡಬೇಡಿ. ಕೆಲವು ಅಂಗಡಿಗಳು ಹಂದಿಕೊಬ್ಬು ಹಾಕುತ್ತವೆ, ಕೇಳಿಕೊಳ್ಳಿ.

ಮಳೆಗಾಲದ ಕಾಡಣಬೆಯಲ್ಲಿ ಮಾತ್ರ ಧೈರ್ಯ ತೋರಿಸಬೇಡಿ. ಮುಟ್ಟಿದರೆ ನೀಲಿಯಾಗುವ 'ಜಿಯಾನ್‌ಶೌಚಿಂಗ್' ಸರಿಯಾಗಿ ಬೇಯದಿದ್ದರೆ ಕಣ್ಣೆದುರು ಪುಟಾಣಿ ಮನುಷ್ಯರು ಕುಣಿಯುತ್ತಾರೆ, ಇದು ತಮಾಷೆಯಲ್ಲ. ಎದುರಿಗೇ ಸಾರಿನಲ್ಲಿ ಬೇಯಿಸಿ ತಿನ್ನುವ ಅಣಬೆ ಹಾಟ್‌ಪಾಟ್ ಅಂಗಡಿಯಲ್ಲಿ ಮೇಜಿನ ಮೇಲೆ ಟೈಮರ್ ಇಡುತ್ತಾರೆ. ಅದು ಕೂಗುವ ತನಕ ಚಾಪ್‌ಸ್ಟಿಕ್ ಕೆಳಗಿರಲಿ.

ಹಂತ 7: ಹೂವು

ಶಿಲಿನ್‌ನಿಂದ ಮರಳುವ ಸಂಜೆಯೇ, ದಕ್ಷಿಣ ನಿಲ್ದಾಣದಿಂದ ಒಂದನೇ ಲೈನಿನಲ್ಲಿ ಊರಿಗೆ ಬರುವ ದಾರಿಯಲ್ಲಿ, ದೌನಾನ್‌ನಲ್ಲಿ ಇಳಿಯಿರಿ. ಏಷ್ಯಾದಲ್ಲೇ ದೊಡ್ಡದಾದ ಕೊಯ್ದ ಹೂವಿನ ಮಾರುಕಟ್ಟೆ. ನಮ್ಮ ಕೆ.ಆರ್. ಮಾರುಕಟ್ಟೆ ನಸುಕಿಗೆ ಎದ್ದರೆ ಇದು ಕತ್ತಲಾದ ಮೇಲೆ ಏಳುತ್ತದೆ. ಗುಲಾಬಿ ಕಟ್ಟಿನ ಲೆಕ್ಕದಲ್ಲಿ. ಒಂದೊಂದಾಗಿ ಕೇಳಿದರೆ ಮಾರುವವರು ನಿಮ್ಮನ್ನೇ ಪಿಳಿಪಿಳಿ ನೋಡುತ್ತಾರೆ.

ಈ ಭೇಟಿಯನ್ನು ಕೊನೆಯ ರಾತ್ರಿಗೆ ಇಟ್ಟುಕೊಳ್ಳಬೇಡಿ. ಹೂವನ್ನು ಊರಿಗೆ ತರುವ ಯೋಚನೆ ಬೇಡ, ಗಿಡ-ಹೂಗಳ ಬಗ್ಗೆ ನಮ್ಮ ಕಸ್ಟಮ್ಸ್‌ನಲ್ಲಿ ನಿಯಮಗಳುಂಟು. ಇನ್ನೂ ಒಂದೆರಡು ದಿನ ಇರುವಾಗಲೇ ಒಂದು ಕಟ್ಟು ಕೊಂಡು ತನ್ನಿ. ಹೋಟೆಲ್ ಕೋಣೆಯಲ್ಲಿ ಹೂದಾನಿ ಇರುವುದಿಲ್ಲ. ಕಸದ ಡಬ್ಬಿ ತೊಳೆದು ನೀರು ತುಂಬಿದರೆ ಇಪ್ಪತ್ತು ಗುಲಾಬಿ ಸಲೀಸಾಗಿ ಹಿಡಿಯುತ್ತವೆ.