ಎರಡು ಕೋವಿಯಲ್ಲಿ ಒಂದನ್ನು ಮಾರಬೇಕಾಗಿ ಬಂದರೆ

ಕಾಫಿ ರೇಟು ಬಿದ್ದ ವರ್ಷ, ಮೆಣಸಿನ ಬಳ್ಳಿಗೆ ರೋಗ ಬಂದ ವರ್ಷ, ಮಗಳ ಕಾಲೇಜು ಫೀಸು ಕಟ್ಟುವ ತಿಂಗಳು. ಕೊಡಗು, ಮಲೆನಾಡಿನ ಮನೆಗಳಲ್ಲಿ ಕೋವಿ ಮಾರುವ ಮಾತು ಬರುವುದೇ ಇಂಥ ಹೊತ್ತಿನಲ್ಲಿ. ಅಜ್ಜನ ಕಾಲದ ಇಂಗ್ಲಿಷ್ ಜೋಡಿನಳಿಗೆ ಒಂದು, ಅಪ್ಪ ಕೊಂಡ, ಸರ್ಕಾರದ ಈಶಾಪುರ ಬಂದೂಕು ಕಾರ್ಖಾನೆಯದು ಇನ್ನೊಂದು. ಎರಡೂ 12 ಬೋರ್, ಅಂದರೆ ನಳಿಗೆಯ ಒಳಗಿನ ಅಳತೆ ಒಂದೇ. ಜಾಸ್ತಿ ಜನ ಹಿಂದೆಮುಂದೆ ನೋಡದೆ ಅಪ್ಪನದನ್ನು ಮಾರುತ್ತಾರೆ. ಆಮೇಲೆ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಒಂದು ಈಡು ಹೊಡೆಯಲೂ ಹೆದರಬೇಕಾದ ಕೋವಿ ಮನೆಯಲ್ಲಿ ಉಳಿಯುತ್ತದೆ. ಹೆಸರು ನೋಡಿ ತೀರ್ಮಾನ ಮಾಡಬೇಡಿ, ನಳಿಗೆ ನೋಡಿ ಮಾಡಿ.

ಮೊದಲು ಎರಡನ್ನೂ ತೆರೆದು, ತೋಟಾ ಇಲ್ಲ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿಯೂ ನೋಡಿ. ಕೋವಿಯ ನಂಬರು ಲೈಸೆನ್ಸಿನಲ್ಲಿ ಇರುವುದಕ್ಕೆ ತಾಳೆ ಆಗಬೇಕು.

ಈಗ ನಳಿಗೆ. ಇದಕ್ಕೆ ಒಂದು ಬೆಳಗ್ಗೆ ಪೂರ್ತಿ ಮೀಸಲಿಡಿ. ಒಳಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ದಪ್ಪ ಎಣ್ಣೆ ಹಚ್ಚಿದರೆ ಎಂಥ ಗುಳಿಯೂ ಮುಚ್ಚಿಹೋಗುತ್ತದೆ, ಮಾರುವವರು ಹಚ್ಚುವುದೂ ಅದಕ್ಕೇ. ನಳಿಗೆ ಬಿಚ್ಚಿ ಬಯಲು ಆಕಾಶದ ಕಡೆ ಹಿಡಿದು ಹಿಂದಿನಿಂದ ನೋಡಿ. ಬಲ್ಬಿನ ಬೆಳಕು ಬೇಡ, ಅದರಲ್ಲಿ ಎಲ್ಲವೂ ಫಳಫಳ ಕಾಣುತ್ತದೆ. ಒಳಗೆ ನೆರಳಿನ ಬಳೆಗಳು ಒಂದರ ಹಿಂದೆ ಒಂದು ದುಂಡಗೆ ಕಾಣಬೇಕು. ಎಲ್ಲಾದರೂ ಬಳೆ ಸೊಟ್ಟಗಾಗಿದ್ದರೆ ಅಲ್ಲಿ ನಳಿಗೆ ಜಜ್ಜಿದೆ ಎಂದರ್ಥ. ಕಪ್ಪು ಚುಕ್ಕೆಗಳು ತುಕ್ಕು ತಿಂದ ಗುಳಿಗಳು. ಬಾಯಿಯ ಹತ್ತಿರ ಒಂದೆರಡು ಇದ್ದರೆ ಅಷ್ಟು ಚಿಂತೆಯಿಲ್ಲ. ತೋಟಾ ಕೂರುವ ಗೂಡಿನ ಮುಂದೆಯೇ ಆಳವಾಗಿ ಇದ್ದರೆ ಆ ಕೋವಿಯಲ್ಲಿ ಈಡು ಹೊಡೆಯಲೇಬೇಡಿ. ಒತ್ತಡ ಅತಿ ಹೆಚ್ಚು ಬೀಳುವುದು ಅಲ್ಲೇ.

ಆಮೇಲೆ ನಳಿಗೆಯನ್ನು ಅದರ ಅಡಿಯಲ್ಲಿರುವ ಕೊಕ್ಕೆಯ ಕಡೆಯಿಂದ ಒಂದು ಬೆರಳಿಗೆ ನೇತುಹಾಕಿ, ಪೆನ್ಸಿಲಿನಂಥ ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟಿ. ದೇವಸ್ಥಾನದ ಗಂಟೆಯಂತೆ ನಾದ ಎಳೆಯಬೇಕು. ಗೊರಗೊರ ಅಂದರೆ ಎರಡು ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿರಬಹುದು.

ಹಳೇ ಇಂಗ್ಲಿಷ್ ಕೋವಿಗೆ ಇನ್ನೂ ಎರಡು ಪರೀಕ್ಷೆ ಉಂಟು. ನಳಿಗೆಯ ಮೈಮೇಲೆ ಸುರುಳಿ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್, ಅಂದರೆ ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡಿದ ಹಳೇ ನಳಿಗೆ. ನೋಡಲು ಬಹಳ ಚಂದ, ಆದರೆ ಈಗಿನ ತೋಟಾ ಹಾಕಬೇಡಿ. ಎರಡನೆಯದು ಗೂಡಿನ ಉದ್ದ. ಹಳೆಯವು ಹೆಚ್ಚಾಗಿ 65 ಮಿಲಿಮೀಟರಿನವು. 70ರ ತೋಟಾ ಅದರಲ್ಲಿ ಸಲೀಸಾಗಿ ಕೂರುತ್ತದೆ, ಮೋಸ ಇರುವುದೇ ಅಲ್ಲಿ. ಈಡು ಹೊಡೆದಾಗ ತೋಟಾದ ಮಡಚಿದ ತುದಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. 'ಕೂತಿತಲ್ಲ, ಸರಿ' ಅನ್ನುವವರ ಮಾತು ಕೇಳಬೇಡಿ.

ನಳಿಗೆ ಕೋವಿಯ ಮೈಗೆ ಕೂಡುವ ಜಾಯಿಂಟು ನೋಡುವಾಗ ನಳಿಗೆಯ ಕೆಳಗಿನ ಮರ ಬಿಚ್ಚಿಯೇ ಅಲ್ಲಾಡಿಸಿ, ಅದರ ಸ್ಪ್ರಿಂಗು ಸಡಿಲವನ್ನು ಮುಚ್ಚಿಡುತ್ತದೆ. ಕಟಕಟ ಅನ್ನಬಾರದು.

ಇಷ್ಟರಲ್ಲಿ ಎರಡೂ ಪಾಸಾದರೆ, ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಆಮೇಲೆ ಕಣ್ಣು ಬಿಡಿ. ಗುರಿಯ ಪಟ್ಟಿ ನೆಟ್ಟಗೆ ಕಂಡದ್ದು ನಿಮ್ಮ ಕೋವಿ.

ರೇಟಿನ ವಿಷಯ. 1980ರ ದಶಕದಿಂದೀಚೆಗೆ ವಿದೇಶಿ ಕೋವಿ ಬರುವುದು ಹೆಚ್ಚುಕಡಿಮೆ ನಿಂತೇಹೋಗಿದೆ. ಹಾಗಾಗಿ ಹೆಸರಿರುವ ಇಂಗ್ಲಿಷ್ ಕೋವಿ ನಳಿಗೆ ಸೋತಿದ್ದರೂ ಒಳ್ಳೆಯ ದುಡ್ಡು ತರುತ್ತದೆ. ನಾನಾದರೆ ಅದನ್ನೇ ಕೊಟ್ಟು, ಗಟ್ಟಿ ನಳಿಗೆಯ ಈಶಾಪುರದ್ದನ್ನು ಉಳಿಸಿಕೊಳ್ಳುತ್ತೇನೆ. ಅಜ್ಜನದು ಅಂತ ಕರುಳು ಚುರ್ ಅನ್ನುತ್ತದೆ, ನಿಜ. ಆದರೆ ಮಕ್ಕಳು ನಾಳೆ ಭುಜಕ್ಕೆ ಏರಿಸುವುದು ಉಳಿದದ್ದನ್ನು ಅಲ್ವಾ? ಕೊಳ್ಳುವವರಿಗೆ ಗುಳಿಗಳ ಬಗ್ಗೆ ಬಾಯಿಬಿಟ್ಟು ಹೇಳಿ.

ಮಾರುವ ಮೊದಲು ಉಪ್ಪುಕಾಗದ ತಿಕ್ಕಿ, ಬಣ್ಣ ಹಾಕಿಸುವ ಕೆಲಸಕ್ಕೆ ಹೋಗಬೇಡಿ. ಬಾಟಲಿಯಲ್ಲಿ ಸಿಗುವ ಕಪ್ಪು ದ್ರಾವಣವಂತೂ ಸುಮ್ನೆ ದಂಡ. ಬೆಲೆ ಇಳಿಯುತ್ತದೆ. ನಂಬರು ಅಳಿಸಿಹೋದರೆ ಆಯುಧ ಕಾಯ್ದೆಯ ಕೇಸೂ ಮೈಮೇಲೆ ಬರುತ್ತದೆ.

ಮಾರಾಟ ಲೈಸೆನ್ಸ್ ಇದ್ದವರಿಗೆ ಅಥವಾ ಕಾನೂನಿನಲ್ಲಿ ವಿನಾಯಿತಿ ಇದ್ದವರಿಗೆ ಮಾತ್ರ. ಕೊಳ್ಳುವವರ ಹೆಸರು, ವಿಳಾಸ ಬರೆದು ಡಿ.ಸಿ. ಆಫೀಸಿಗೋ ಹತ್ತಿರದ ಠಾಣೆಗೋ ಕೊಡಬೇಕು. ಕೊಟ್ಟು 45 ದಿನ ಕಳೆದ ಮೇಲಷ್ಟೇ ಕೋವಿ ಕೈ ಬದಲಾಗಬೇಕು. ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಛಾಪಾ ಕಾಗದದಲ್ಲಿ ಬರೆದುಕೊಂಡು 'ಸದ್ಯಕ್ಕೆ ನಿಮ್ಮಲ್ಲೇ ಇರಲಿ' ಅನ್ನುವ ಒಳದಾರಿ ಖಂಡಿತ ಬೇಡ. ಫೀಸಿನ ಕೊನೇ ದಿನ ಹತ್ತಿರವಿದ್ದರೆ ಈ ಒಂದೂವರೆ ತಿಂಗಳನ್ನು ಮೊದಲೇ ಲೆಕ್ಕ ಹಾಕಿ.

ಉಳಿದ ಕೋವಿಯನ್ನು ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಡಬೇಡಿ. ಚರ್ಮ ತೇವ ಹಿಡಿಯುತ್ತದೆ. ತೆಳ್ಳಗೆ ಎಣ್ಣೆ ಸವರಿ, ಬೀಗವಿರುವ ಒಣ ಕಪಾಟಿನಲ್ಲಿಟ್ಟು, ವಾರಕ್ಕೊಮ್ಮೆ ತೆಗೆದು ಒರೆಸಿ.