ಬೀದರ್‌ನಲ್ಲಿ ಅರ್ಧ ದಿನ: ಮೊದಲು ನಡಿಗೆ, ಕೊನೆಗೆ ಝರಣಿ ನರಸಿಂಹ

ಬೀದರ್‌ಗೆ ಅರ್ಧ ದಿನಕ್ಕೆ ಬರುವವರು, ನೀರಿನಲ್ಲೇ ನಡೆದು ದೇವರ ದರ್ಶನ ಮಾಡಬೇಕಾದ ಝರಣಿ ನರಸಿಂಹ ಗುಹೆಯನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಹೋದರೆ ಒದ್ದೆ ಬಟ್ಟೆಯಲ್ಲೇ ಊರು ಸುತ್ತಬೇಕಾಗುತ್ತದೆ.

ಬೆಳಿಗ್ಗೆ ಬಿಸಿಲೇರುವ ಮೊದಲೇ ಕೋಟೆಗೆ ಹೋಗಿ, ಎರಡು ಗಂಟೆಯಾದರೂ ಇಟ್ಟುಕೊಳ್ಳಿ. ಕೋಟೆಯೊಳಗಿನ ಅರಮನೆ ರಂಗೀನ್ ಮಹಲ್‌ಗೆ ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ. ಅಲ್ಲಿನ ಸಿಬ್ಬಂದಿಯನ್ನು ಕೇಳಿ ತೆಗೆಸಿಕೊಳ್ಳಿ. ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ ನೋಡದೆ ಬರಬೇಡಿ. ಅಲ್ಲಿಂದ ನಡೆದೇ 1472ರ ಮಹಮೂದ್ ಗವಾನ್ ಮದರಸಾ. ಉಳಿದಿರುವ ಒಂದೇ ಮಿನಾರಿನ ಮೇಲೆ ನೀಲಿ ಹೆಂಚಿನ ಅಂಕುಡೊಂಕು ಪಟ್ಟಿಗಳು ಇನ್ನೂ ಕಾಣುತ್ತವೆ. ಮುಂದೆ ಹಳೆಯ ಕಾವಲು ಗೋಪುರ ಚೌಬಾರಾ, ಅದರ ಹತ್ತಿರವೇ ಬಿದ್ರಿ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಸಾಮಾನುಗಳ ಅಂಗಡಿಗಳು. ಸತು-ತಾಮ್ರದ ಪಾತ್ರೆಗೆ ಆ ಕಪ್ಪು ಬರುವುದು ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್ ಎಂಬ ಲವಣ) ಬೆರೆಸಿದ ಬಿಸಿನೀರಿನಿಂದ. ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ.

ಇಲ್ಲಿಂದ ಗುಹೆಗೆ ಆಟೊ ಹಿಡಿಯಿರಿ. ಹತ್ತುವ ಮೊದಲೇ ಇವತ್ತು ಒಳಗೆ ಬಿಡುತ್ತಿದ್ದಾರೆಯೇ ಎಂದು ವಿಚಾರಿಸಿ. ನೀರು ಏರಿದರೆ, ಒಳಗೆ ಗಾಳಿ ಸಾಲದಿದ್ದರೆ ಪ್ರವೇಶ ನಿಲ್ಲಿಸುತ್ತಾರೆ. ಸುಮಾರು 300 ಮೀಟರ್ ಸುರಂಗದಲ್ಲಿ ಎದೆಮಟ್ಟದ ನೀರಿನಲ್ಲೇ ನಡೆಯಬೇಕು, ಚಾವಣಿಯಲ್ಲಿ ಬಾವಲಿಗಳಿರುತ್ತವೆ. ದೇವರ ಮುಂದೆ ನಿಲ್ಲಲು ಜಾಗ ಕಡಿಮೆ, ಹಾಗಾಗಿ ರಜಾದಿನಗಳಲ್ಲಿ ನೀರಿನಲ್ಲೇ ಕಾಯಬೇಕಾಗುತ್ತದೆ. ಚಿಕ್ಕ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಿ. ಉಬ್ಬಸ, ಹೃದಯದ ತೊಂದರೆ ಇರುವವರು ದಯವಿಟ್ಟು ಹೊರಗೇ ಇರಿ. ಸೀರೆ, ಜೀನ್ಸ್ ನೀರು ಕುಡಿದು ಭಾರವಾಗುತ್ತವೆ. ತೆಳು ಹತ್ತಿ ಬಟ್ಟೆ ಸಾಕು. ಟವೆಲ್, ಇನ್ನೊಂದು ಜೊತೆ ಬಟ್ಟೆ ಮರೆಯಬೇಡಿ.