ಫ್ರೀಜರ್ ಇಲ್ಲದೆ ಥೈಲೇರಿಯಾ ಪರೀಕ್ಷೆ: ನನ್ನ ಅನುಭವ

ಥೈಲೇರಿಯಾ ಎಂದರೆ ಉಣ್ಣಿ ಕಚ್ಚಿ ದನಗಳಿಗೆ ಹರಡುವ ರಕ್ತದ ಪರೋಪಜೀವಿ. ಮುಳಬಾಗಿಲು ಕಡೆಯ ಕೊಟ್ಟಿಗೆಗಳಲ್ಲೇ ಮಿಶ್ರತಳಿ ಹಸುಗಳಿಗೆ ಲ್ಯಾಂಪ್ ಪರೀಕ್ಷೆ (ಒಂದೇ ಶಾಖದಲ್ಲಿ ಅದರ ಡಿಎನ್‌ಎ ಹೆಚ್ಚಿಸಿ ಗುರುತಿಸುವ ವಿಧಾನ) ಮಾಡುತ್ತೇನೆ ಎಂದಾಗ, ಮೈನಸ್ 20 ಡಿಗ್ರಿ ಇಲ್ಲದೆ ಕಿಣ್ವ ಉಳಿಯುವುದಿಲ್ಲವೆಂದು ಬಲ್ಲವರೆಲ್ಲ ನಕ್ಕಿದ್ದರು. ಈ ಸಲದ ಬೇಸಿಗೆಯಿಡೀ ಬೈಕಿನ ಪೆಟ್ಟಿಗೆಯಲ್ಲಿ ಬೆಂದ ಟ್ಯೂಬುಗಳು ಸರಿಯಾದ ಫಲಿತಾಂಶ ಕೊಟ್ಟ ಮೇಲೆ ಅವರೇ ಪೊಟ್ಟಣ ಕೇಳುತ್ತಿದ್ದಾರೆ.

ನನಗೆ ಕಾಟ ಕೊಟ್ಟದ್ದು ಬಿಸಿಲಿಗಿಂತ ಹೆಚ್ಚಾಗಿ ಗ್ಲಿಸರಾಲ್ (ಒಣಗದ ಅಂಟು ದ್ರವ) ಮತ್ತು ತೇವ. ಡಿಎನ್‌ಎ ನಕಲು ಮಾಡುವ, ಮಾರುಕಟ್ಟೆಯ ಬಿಎಸ್‌ಟಿ ಕಿಣ್ವ ಗ್ಲಿಸರಾಲ್‌ನಲ್ಲಿ ಬರುವುದರಿಂದ ಎಷ್ಟು ಒಣಗಿಸಿದರೂ ಟ್ಯೂಬಿನ ತಳದಲ್ಲಿ ಅಂಟಂಟಾಗಿ ಉಳಿಯುತ್ತಿತ್ತು, ವಾರ ಕಳೆಯುವಷ್ಟರಲ್ಲಿ ಸತ್ವ ಕಳೆದುಕೊಳ್ಳುತ್ತಿತ್ತು. ಬಾಡಿಗೆಗೆ ಹಿಡಿದ, ಹೆಪ್ಪುಗಟ್ಟಿಸಿ ಒಣಗಿಸುವ ಲಯೋಫಿಲೈಸರ್‌ಗೂ ಕಿಣ್ವಕ್ಕೂ ಸೇರಿ ಹೆಚ್ಚುಕಡಿಮೆ ಅರವತ್ತು ಸಾವಿರ ರೂಪಾಯಿ ಹೀಗೇ ಕರಗಿತು. ಕೊನೆಗೆ ಗ್ಲಿಸರಾಲ್ ರಹಿತ ಕಿಣ್ವ ತರಿಸಿ, ಟ್ರೆಹಲೋಸ್ ಎಂಬ ಸಕ್ಕರೆ ಬೆರೆಸಿ, ಗಾಳಿ ಹೀರಿ ಒಣಗಿಸುವ ಸಾದಾ ವ್ಯಾಕ್ಯೂಮ್ ಡೆಸಿಕೇಟರ್‌ನಲ್ಲಿ ರಾತ್ರಿಯಿಡೀ ಒಣಗಿಸಿದಾಗ ಗಾಜಿನಂಥ ತೆಳು ಪೊರೆ ಕೂತಿತು. ಮೆಗ್ನೀಷಿಯಂ ಸಲ್ಫೇಟನ್ನು ಅದರೊಳಗೆ ಸೇರಿಸದೆ, ಕರಗಿಸುವ ದ್ರಾವಣದಲ್ಲಿ ಬೇರೆಯಾಗಿ ಇಡುತ್ತೇನೆ. ಟ್ರೆಹಲೋಸ್ ಜೊತೆ ಹಾಕುವ ಇನ್ನೊಂದು ಪುಡಿಯ ಹೆಸರು, ಪ್ರಮಾಣ ಸದ್ಯಕ್ಕೆ ನನ್ನಲ್ಲೇ ಇರಲಿ. ಫಾಯಿಲ್ ಪೊಟ್ಟಣಕ್ಕೆ ಸಿಲಿಕಾ ಜೆಲ್ ಹಾಕುವುದರಲ್ಲಿ ಜಿಪುಣತನ ಸಲ್ಲದು. ಮಳೆಗಾಲದಲ್ಲಿ ತೆರೆದ ಪೊಟ್ಟಣವನ್ನು ಅಂದೇ ಮುಗಿಸಬೇಕು.

ಕಿವಿಯ ರಕ್ತನಾಳದಿಂದ ತೆಗೆದ ಒಂದೆರಡು ಹನಿಯನ್ನು ಶುದ್ಧ ನೀರಿನಲ್ಲಿ ಕುದಿಸಿ, ಮೇಲಿನ ತಿಳಿಯನ್ನು ಟ್ಯೂಬಿಗೆ ಹಾಕಿ, 63 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ, ಪರೋಪಜೀವಿ ಇದ್ದಲ್ಲಿ ಹೈಡ್ರಾಕ್ಸಿನ್ಯಾಫ್ತಾಲ್ ಬ್ಲೂ ಎಂಬ ಬಣ್ಣ ನೇರಳೆಯಿಂದ ಆಕಾಶನೀಲಿಗೆ ತಿರುಗುತ್ತದೆ. ಆಮೇಲೆ ಡಿಎನ್‌ಎಯನ್ನು ಜೆಲ್‌ನಲ್ಲಿ ಓಡಿಸಿ ನೋಡುವ ಆಸೆಗೆ ಮುಚ್ಚಳ ತೆಗೆದವರ ಕೋಣೆಯಲ್ಲಿ, ಹೆಚ್ಚಿದ ಡಿಎನ್‌ಎ ಗಾಳಿಗೆ ಸೇರಿ, ಬರಿಯ ನೀರಿನ ಟ್ಯೂಬೂ ನೀಲಿಯಾಗುವುದನ್ನು ಕಂಡಿದ್ದೇನೆ. ಬಳಸಿದ ಟ್ಯೂಬುಗಳು ನನ್ನಲ್ಲಿ ಮುಚ್ಚಿದಂತೆಯೇ ಕಸಕ್ಕೆ ಹೋಗುತ್ತವೆ.

ನಡುವೆ, ಟ್ಯೂಬುಗಳನ್ನು ಬಿಸಿಯಾಗಿಡುವ ಬ್ಯಾಟರಿಯ ಹಂಗು ತಪ್ಪಿಸಲು, 63 ಡಿಗ್ರಿಯ ಹತ್ತಿರ ಗಟ್ಟಿಯಾಗುವ ಪಾಮಿಟಿಕ್ ಆಮ್ಲವೆಂಬ ಮೇಣದಂಥ ಕೊಬ್ಬಿನಾಮ್ಲವನ್ನು ಫ್ಲಾಸ್ಕಿನಲ್ಲಿ ಕರಗಿಸಿ ನೋಡಿದೆ. ಶುದ್ಧ ಸರಕು ಮುಕ್ಕಾಲು ಗಂಟೆಯಷ್ಟು ಶಾಖ ಹಿಡಿಯಿತು. ಸ್ಟಿಯರಿಕ್ ಎಂಬ ಇನ್ನೊಂದು ಕೊಬ್ಬಿನಾಮ್ಲ ಬೆರೆತ ಅಗ್ಗದ ಸರಕು 55ರ ಕಡೆಗೆ ಇಳಿದು ಕೈಕೊಟ್ಟಿತು. ಹಾಗಾಗಿ ಮತ್ತೆ ಬ್ಯಾಟರಿಗೇ ಬಂದೆ.

ಈಗ ಒಂದು ಪರೀಕ್ಷೆಗೆ ನೂರೈವತ್ತು ರೂಪಾಯಿಯ ಆಸುಪಾಸು ತಗಲುತ್ತದೆ. ಗುಣವಾದ ಹಸುವಿನ ರಕ್ತದಲ್ಲೂ ಪರೋಪಜೀವಿ ಉಳಿಯುವುದರಿಂದ, ಟ್ಯೂಬು ನೀಲಿಯಾದ ಮಾತ್ರಕ್ಕೆ ಥೈಲೇರಿಯಾದ ದುಬಾರಿ ಔಷಧ ಬುಪಾರ್ವಕ್ವೋನ್ ಚುಚ್ಚುವುದಿಲ್ಲ. ಜ್ವರವೂ ಭುಜದ ಮುಂದಿನ ದುಗ್ಧಗ್ರಂಥಿಯ ಊತವೂ ಇದ್ದರಷ್ಟೇ ಔಷಧ, ಇಲ್ಲವಾದರೆ ರೋಗ ಹರಡುವ ಉಣ್ಣಿಯ ಹತೋಟಿ.